ಹೂಮಳೆ ಬಿದ್ದ ಮೇಲೆ

ಕಷ್ಟಕಾಲದಲ್ಲಿ ಸುಮ್ನೆ ತೋಟದ ದಾರಿಯಲ್ಲಿ ನಡೆದು ಬನ್ನಿ, ಮನಸ್ಸು ಹಗುರವಾಗುತ್ತೆ ಅಂತ ಕೆಲವರು ಹೇಳ್ತಾರಲ್ವಾ, ನೂರಕ್ಕೆ ನೂರು ನಿಜ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಕೊಡಗಿನ ಮಕ್ಕಂದೂರು ಕಡೆ ಇದ್ದ ನಮ್ಮ ಕಾಫಿ ತೋಟ ಅರ್ಧ ಹೋಯಿತು. ಎಷ್ಟೋ ತಿಂಗಳು ಆ ಕಡೆ ತಿರುಗಿಯೂ ನೋಡಲಿಲ್ಲ. ಮುಂದಿನ ಬೇಸಿಗೆಯಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು ವಾರ ಕಳೆದ ಮೇಲೆ ಅಮ್ಮನೇ ಒತ್ತಾಯ ಮಾಡಿ ಕಳಿಸಿದರು. ಉಳಿದ ರೊಬಸ್ಟಾ ಕಾಫಿ ಗಿಡಗಳಲ್ಲಿ ಗೆಣ್ಣು ಗೆಣ್ಣಿಗೂ ಬೆಳ್ಳಗೆ ಹೂವು, ಮಲ್ಲಿಗೆಯಂಥ ಘಮ, ಜೇನುನೊಣದ ಸದ್ದು ಬಿಟ್ಟರೆ ಬೇರೇನೂ ಇಲ್ಲ, ಕುಸಿದ ಅಂಚಿನಲ್ಲಿ ಬೇರು ಅರ್ಧ ಹೊರಬಿದ್ದು ವಾಲಿಕೊಂಡಿದ್ದ ಒಂದು ಗಿಡ ಕೂಡ ಹೂ ಬಿಟ್ಟಿತ್ತು. ಅದರ ಹತ್ತಿರ ಕೂತು ಅತ್ತುಬಿಟ್ಟೆ. ಎದ್ದಾಗ ಎದೆ ಹಗುರವಾಗಿತ್ತು. ಮೂರ್ನಾಲ್ಕು ದಿನ ಅಷ್ಟೇ ಆ ಹೂವು, ಆಮೇಲೆ ಕಂದಾಗಿಬಿಡುತ್ತೆ. ಅದಕ್ಕೇ ಈಗಲೂ ಮಾರ್ಚ್‌ನಲ್ಲಿ ಮಳೆ ಬಿತ್ತು ಅಂತ ಅಮ್ಮನ ಫೋನ್ ಬಂದರೆ ರಜೆ ಹಾಕಿ ಹೊರಡುತ್ತೇನೆ.