ಅಕೂಟಾನೋ, ಅಕ್ಯೂಟಾನೋ?

ಬ್ರಿಟನ್ನಿನ ಅನಸ್ ಅಕೂಟಾ ಕಯಾಕ್, ಅಂದರೆ ಹುಟ್ಟು ಹಾಕುವ ಆ ಕಿರಿದಾದ ದೋಣಿ, ನನಗೆ ಪ್ರಾಣ. 1959ರಲ್ಲಿ ಗ್ರೀನ್‌ಲ್ಯಾಂಡಿನಿಂದ ಸ್ಕಾಟ್ಲೆಂಡಿಗೆ ಬಂದ ಒಂದು ಕಯಾಕಿನ ವಂಶದ್ದು ಅದು. ಆದರೆ ಹೆಸರು ಹೇಳುವುದೇ ದೊಡ್ಡ ಪಾಡು! ಅಂಗಡಿಯಲ್ಲಿ ‘ಏನಸ್ ಅಕ್ಯೂಟಾ’ ಅಂದರು. ದಡದಲ್ಲಿ ಇನ್ನೊಬ್ಬರು ‘ಅನಸ್ ಅಕೂಟಾ’ ಅಂತ ತಿದ್ದಿದರು. ದೋಣಿಯ ಮೇಲಿನ ಅಕ್ಷರಗಳ ಮೇಲೆ ಬೆರಳಿಟ್ಟು ಓದಿದೆ. ಇಂಗ್ಲಿಷಿನ ‘ಯು’ ಅನ್ನೋ ಆ ಒಂದು ಅಕ್ಷರ ಊ ಅಂತಲೂ ಹೇಳಲಿಲ್ಲ, ಯೂ ಅಂತಲೂ ಹೇಳಲಿಲ್ಲ.

ಅದು ಲ್ಯಾಟಿನ್ ಹೆಸರು. ಚಳಿಗಾಲದಲ್ಲಿ ನಮ್ಮ ಕೆರೆಗಳಿಗೂ ಬರುವ ಸೂಜಿಬಾಲದ ಬಾತುವಿನದು. ಎಷ್ಟು ಚೆಂದದ ಹೆಸರು ಅಲ್ವಾ! ಹಳೆಯ ಲ್ಯಾಟಿನ್ ಪ್ರಕಾರ ‘ಕೂ’ ಅಂತ ಎಳೆಯುವುದೇ ಸರಿ. ಇದನ್ನು ಹುಡುಕಲು ಒಂದು ಸಂಜೆ ಸುಮ್ನೆ ಹೋಯಿತು. ದೋಣಿಗೆ ಅಷ್ಟು ದುಡ್ಡು ತೆಗೆದುಕೊಳ್ಳುವವರು ಹೆಸರು ಹೇಳುವ ಬಗೆಯನ್ನು ಒಂದು ಸಾಲು ಬರೆದು ಕೊಡಬಾರದಾ?