ಮಂಗಳಜೋಡಿಯ ದೋಣಿ, ಕಾವೇರಿಯ ಬಿಳಿಮೀನು

ಒಡಿಶಾದಲ್ಲಿ ನೆಲೆಸಿರುವ ನನಗೆ ಚಿಲಿಕಾ ಸರೋವರದ ಮಂಗಳಜೋಡಿಗೆ ಹೋದಾಗಲೆಲ್ಲ ನಮ್ಮ ಕಾವೇರಿ ನೆನಪಾಗುತ್ತದೆ. ಚಿಲಿಕಾದ ನೀರು ಉಪ್ಪು-ಸಿಹಿ ಬೆರೆತದ್ದು. ಆದರೆ ಮಂಗಳಜೋಡಿಯ ಕಡೆ ಜೊಂಡು ಬೆಳೆದ ಸಿಹಿನೀರಿನ ಜೌಗಿದೆ. ಒಂದು ಕಾಲಕ್ಕೆ ಈ ಊರಿನವರು ವಲಸೆ ಹಕ್ಕಿಗಳನ್ನು ಕೊಂದು ಮಾರುತ್ತಿದ್ದರು. 2000ದ ಹೊತ್ತಿಗೆ ಬೇಟೆಗಾರರೇ ಪಕ್ಷಿ ರಕ್ಷಣಾ ಸಮಿತಿ ಕಟ್ಟಿಕೊಂಡರು. ಈಗ ಅವರೇ ಅಂಬಿಗರು, ಅವರೇ ಮಾರ್ಗದರ್ಶಕರು.

ದೋಣಿಗೆ ಮೋಟಾರಿಲ್ಲ. ಹಿಂದೆ ನಿಂತವನು ಬಿದಿರಿನ ಗಳುವನ್ನು ಕೆಸರಿಗೆ ಊರಿ ತಳ್ಳುತ್ತಾನೆ. ಮುಂದೆ ಕುಳಿತವನು ಮಾತಾಡದೆ ಕೈ ತೋರಿಸುತ್ತಾನೆ. ಅಲ್ಲಿ ಜೊಂಡಿನ ಬುಡದಲ್ಲಿ ನೇರಳೆ ಜಂಬುಕೋಳಿ ಎಳೆ ಕಾಂಡವನ್ನು ಕಾಲಿನಲ್ಲಿ ಹಿಡಿದು ತಿನ್ನುತ್ತಿರುತ್ತದೆ. ಹಕ್ಕಿ ಎಲ್ಲಿ ಕೂರುತ್ತದೆಂದು ಬೇಟೆಯಲ್ಲಿ ಕಲಿತ ವಿದ್ಯೆಯೇ ಈಗ ಮನೆ ನಡೆಸುತ್ತಿದೆ. ಹಾಗಂತ ಒಡಿಶಾದಲ್ಲಿ ಎಲ್ಲವೂ ಸರಿಯಿದೆ ಎನ್ನಲಾರೆ. ಅದೇ ಚಿಲಿಕಾದ ಸಾತಪಡಾದಲ್ಲಿ ಮೋಟಾರು ದೋಣಿಗಳು ಡಾಲ್ಫಿನ್‌ಗಳ ಬೆನ್ನು ಹತ್ತುವುದನ್ನು ನೋಡಿದರೆ ಸಂಕಟವಾಗುತ್ತದೆ.

ಕಾವೇರಿ ದಡದ ಭೀಮೇಶ್ವರಿ, ದೊಡ್ಡಮಕ್ಕಳಿ, ಗಾಳಿಬೋರೆ ಶಿಬಿರಗಳಲ್ಲೂ ಇಂಥದ್ದೇ ಒಂದು ವ್ಯವಸ್ಥೆ ಇತ್ತು. ಬಿಳಿಮೀನಿಗೆ, ಅಂದರೆ ಮಹಶೀರ್‌ಗೆ, ಗಾಳ ಹಾಕಲು ದೇಶವಿದೇಶಗಳಿಂದ ಜನ ಬರುತ್ತಿದ್ದರು. ಹಿಡಿದ ಮೀನನ್ನು ತೂಗಿ, ಬರೆದಿಟ್ಟು, ಮತ್ತೆ ನೀರಿಗೆ ಬಿಡಬೇಕಿತ್ತು. ಹಿಂದೆ ಕದ್ದು ಮೀನು ಹೊಡೆಯುತ್ತಿದ್ದ ಸ್ಥಳೀಯರಿಗೆ ಅಲ್ಲಿ ಕೆಲಸ ಸಿಕ್ಕಿತ್ತು. ಸಿಡಿಮದ್ದು ಹಾಕುವವರ ಮೇಲೆ ಕಣ್ಣಿಡಲು ದಡದಲ್ಲಿ ಜನರಿದ್ದರು. ವನ್ಯಜೀವಿ ಕಾನೂನಿನ ಕಾರಣದಿಂದ 2012ರಲ್ಲಿ ಅಲ್ಲಿನ ಕಾವೇರಿ ಅಭಯಾರಣ್ಯದೊಳಗೆ ಗಾಳ ನಿಂತಿತು. ಮೀನಿನ ಬಾಯಿಗೆ ಕೊಕ್ಕೆ ಚುಚ್ಚಿ ಮೋಜು ಪಡುವುದು ತಪ್ಪು ಎಂಬ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಗಾಳದ ಜೊತೆ ಲೆಕ್ಕವೂ ನಿಂತುಹೋಯಿತು.

ಆ ಲೆಕ್ಕ ಸಣ್ಣದಲ್ಲ. ಗಾಳಿಬೋರೆಯ ಪುಸ್ತಕಗಳಲ್ಲಿದ್ದ 1998ರಿಂದ 2012ರವರೆಗಿನ ದಾಖಲೆಯಿಂದಲೇ ಸಂಶೋಧಕರಿಗೆ ಒಂದು ಕಹಿ ಸತ್ಯ ತಿಳಿಯಿತು: ಒಟ್ಟು ಮಹಶೀರ್‌ಗಳೇನೋ ಹೆಚ್ಚುತ್ತಿದ್ದವು, ಆದರೆ ಅವು ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ತಳಿ. ಕಾವೇರಿ ಕೊಳ್ಳದಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲದ ಗೂನುಬೆನ್ನಿನ ಮಹಶೀರ್ ಕಣ್ಮರೆಯಾಗುತ್ತಿತ್ತು. 2018ರಲ್ಲಿ ಅದನ್ನು ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಲಾಯಿತು.

ಹಕ್ಕಿ ಕಡಿಮೆಯಾದರೆ ಬಂದವರಿಗೆಲ್ಲ ಗೊತ್ತಾಗುತ್ತದೆ, ಮೀನು ಕಡಿಮೆಯಾದರೆ ಯಾರಿಗೂ ಕಾಣುವುದಿಲ್ಲ. ಈಗ ಕಾವೇರಿಗೆ ಬಂದು ಹರಿಗೋಲಿನಲ್ಲಿ ಸುತ್ತಾಡಿ, ರ‍್ಯಾಫ್ಟಿಂಗ್ ಮಾಡಿ, ಫೋಟೊ ತೆಗೆಸಿಕೊಂಡು ಹೊರಟವರಿಗೆ ನೀರಿನಡಿ ಏನಿದೆ ಎಂಬ ಸುಳಿವೂ ಇರುವುದಿಲ್ಲ. ಅದಕ್ಕೇ ಇದನ್ನೆಲ್ಲ ಪರಿಸರ ಪ್ರವಾಸ ಎಂದು ಕರೆಯಲು ನನಗೆ ಮನಸ್ಸಾಗದು.

ಅಣೆಕಟ್ಟಿನ ನೀರು ಏರಿಳಿಯುವುದನ್ನೋ ಮರಳು ಎತ್ತುವುದನ್ನೋ ಪ್ರವಾಸಿಗರ ಹಣ ತಡೆಯಲಾರದು, ನಿಜ. ಆದರೆ ದಡದ ಬೆಸ್ತರನ್ನು ನದಿಯ ಕಾವಲಿಗೆ ನೇಮಿಸಿ, ಅವರ ಸಂಬಳವನ್ನು ಪ್ರವಾಸಿಗರ ಶುಲ್ಕದಿಂದಲೇ ಕೊಡಬಹುದು. ಮೋಜಿನ ಗಾಳ ಬೇಡವಾದರೆ ಬೇಡ. ವಿಜ್ಞಾನಿಗಳ ಮೇಲ್ವಿಚಾರಣೆಯಲ್ಲಿ, ಬರುವ ಪ್ರವಾಸಿಗರ ಕಣ್ಣೆದುರೇ, ಅದೇ ಬೆಸ್ತರಿಂದ ವರ್ಷಕ್ಕೊಮ್ಮೆ ಮೀನಿನ ಎಣಿಕೆ ನಡೆಯಲಿ. ಯಾವ ತಳಿ ಎಷ್ಟು ಸಿಕ್ಕಿತು ಎಂಬುದನ್ನು ಆಯಾ ಶಿಬಿರದ ಬಾಗಿಲಲ್ಲೇ ಬರೆದು ಹಾಕಲಿ.