ಬಾಟ್ ಒಂದೇ ಜೀವಂತ

ಮೊನ್ನೆ ಇನ್ನೊಂದು ಓಪನ್ ಸೋರ್ಸ್ ಪ್ರಾಜೆಕ್ಟಿನ, ಅಂದರೆ ಕೋಡನ್ನು ಎಲ್ಲರಿಗೂ ತೆರೆದಿಟ್ಟ ಸಾಫ್ಟ್‌ವೇರಿನ, ನೆತ್ತಿಗೆ 'ಆರ್ಕೈವ್ಡ್' (ಇನ್ನು ಕೆಲಸ ನಡೆಯುವುದಿಲ್ಲ) ಪಟ್ಟಿ ಬಿತ್ತು. ಪುಣ್ಯವಂತರು, ಸತ್ತ ಸುದ್ದಿಯನ್ನಾದರೂ ತಿಳಿಸಿದರು. ಉಳಿದವಕ್ಕೆ ಆ ಭಾಗ್ಯವೂ ಇಲ್ಲ. ಪರಿಚಯದ ಕಡತವಾದ ರೀಡ್‌ಮಿಯಲ್ಲಿ 'ಮುಂದಿನ ಆವೃತ್ತಿ ಶೀಘ್ರದಲ್ಲಿ' ಎಂದಿರುತ್ತದೆ, ಕೊನೆಯ ಬಿಲ್ಡ್ ಓಡಿದ್ದು ಎಂದೋ ನಿವೃತ್ತವಾದ ಪೈಥಾನ್ 2 ಭಾಷೆಯಲ್ಲಿ. ಅಲ್ಲಿ ಈಗಲೂ ನಿಷ್ಠೆಯಿಂದ ಕೆಲಸಕ್ಕೆ ಬರುವುದು ಸ್ಟೇಲ್ ಬಾಟ್ ಮಾತ್ರ, ಅಂದರೆ ಹಳಸಿದ ದೂರುಗಳನ್ನು ತಾನೇ ಮುಚ್ಚುವ ಪ್ರೋಗ್ರಾಮ್. ಬಗ್ ವರದಿಗೆ 60 ದಿನ ಯಾರೂ ಉಸಿರೆತ್ತದಿದ್ದರೆ 'ಹಳಸಿದೆ' ಎಂದು ಚೀಟಿ ಅಂಟಿಸುತ್ತದೆ, ಮತ್ತೆ 7 ದಿನಕ್ಕೆ ಮುಚ್ಚುತ್ತದೆ. ಬಗ್ ಹಾಗೇ ಇದೆ, ವರದಿ ಇಲ್ಲ. ಎಂಥ ದಕ್ಷತೆ!

ಆದರೂ ಇನ್‌ಸ್ಟಾಲ್ ಮಾಡಿಯೇ ತೀರುತ್ತೇನೆ ಅನ್ನುವ ಹಠಮಾರಿಗಳಿಗೆ ದಾರಿ ಇದೆ. ಸೆಟಪ್ ಫೈಲಿನಲ್ಲಿ 'ಯೂಸ್_2ಟು3' ಇರುತ್ತದೆ, ಪೈಥಾನ್ 2ರ ಕೋಡನ್ನು 3ಕ್ಕೆ ಬದಲಿಸುವ ಸೂಚನೆ. ಪ್ಯಾಕೇಜ್ ಕಟ್ಟುವ ಉಪಕರಣ ಸೆಟಪ್‌ಟೂಲ್ಸ್‌ನ ಆವೃತ್ತಿ 58ರಲ್ಲಿ ಅದನ್ನು ಕಿತ್ತುಹಾಕಿದ್ದಾರೆ, ಹಾಗಾಗಿ 57ಕ್ಕೆ ಇಳಿಸಿ. ಇಳಿಸಿದರೂ ಪೈಥಾನಿನ ಇನ್‌ಸ್ಟಾಲ್ ಪ್ರೋಗ್ರಾಮ್ ಪಿಪ್ ಗುಟ್ಟಾಗಿ ಹೊಸದನ್ನೇ ತಂದುಕೊಂಡು ಅದೇ ಎರರ್ ಕಾರುತ್ತದೆ, ಹೀಗೆ ಬೇರೆಯಾಗಿ ಹೊಸ ಉಪಕರಣ ತರುವ ಬಿಲ್ಡ್ ಐಸೋಲೇಶನ್ ಬಂದ್ ಮಾಡಿ. ಪೈಥಾನ್ 3.12 ಇದ್ದರೆ ಆ 57 ಏಳುವುದೇ ಇಲ್ಲ, 3.11ಕ್ಕೆ ಇಳಿಯಿರಿ. ಅಷ್ಟೊತ್ತಿಗೆ 'ಗಿಟ್://' ವಿಳಾಸದ ಡಿಪೆಂಡೆನ್ಸಿಯೊಂದು (ಇದಕ್ಕೆ ಬೇಕಾದ ಇನ್ನೊಂದು ಪ್ಯಾಕೇಜ್) ಅಡ್ಡ ಮಲಗಿರುತ್ತದೆ. ಕೋಡ್ ಇಡುವ ತಾಣ ಗಿಟ್‌ಹಬ್ ಆ ಬಾಗಿಲಿಗೆ 2022ರಲ್ಲೇ ಬೀಗ ಜಡಿದಿದೆ. 'ಎಚ್‌ಟಿಟಿಪಿಎಸ್' ಎಂದು ತಿದ್ದಿ ನೋಡಿ: 404, ಪುಟವೇ ಇಲ್ಲ.

ಕೋಡ್ ಇಡಲು ಜಾಗ ಕೊಡುವ ಹಳೇ ಹೋಸ್ಟಿಂಗ್ ತಾಣಗಳ ಔದಾರ್ಯವನ್ನಂತೂ ಹೊಗಳಿದಷ್ಟೂ ಸಾಲದು. ಡೌನ್‌ಲೋಡ್ ಗುಂಡಿಯ ವೇಷ ತೊಟ್ಟ ಜಾಹೀರಾತುಗಳಿಗೆ ಬೇಸತ್ತು ಚಿತ್ರ ತಿದ್ದುವ ತಂತ್ರಾಂಶ ಗಿಂಪ್ 2013ರಲ್ಲಿ ಸೋರ್ಸ್‌ಫೋರ್ಜ್ ತಾಣ ಬಿಟ್ಟಿತು. ಬಿಟ್ಟುಹೋದವರ ಮನೆ ಖಾಲಿ ಇರಬಾರದಲ್ಲ! 2015ರಲ್ಲಿ ಸೋರ್ಸ್‌ಫೋರ್ಜೇ ಆ ಖಾತೆ ವಹಿಸಿಕೊಂಡು, ಇನ್‌ಸ್ಟಾಲರ್ ಜತೆ ಜಾಹೀರಾತು ತುರುಕುವ ಆಡ್‌ವೇರನ್ನೂ ಬಡಿಸಿತು. ಇಂಥ ತಾಣಗಳಲ್ಲಿ ಗಿಟೋರಿಯಸ್ ಹೋಯಿತು, ಗೂಗಲ್ ಕೋಡ್ ಹೋಯಿತು, ಕೋಡ್‌ಪ್ಲೆಕ್ಸ್ ಹೋಯಿತು. ಬಿಟ್‌ಬಕೆಟ್ ಹುಟ್ಟಿದ್ದೇ ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಮರ್ಕ್ಯೂರಿಯಲ್‌ಗಾಗಿ. 2020ರಲ್ಲಿ ಮರ್ಕ್ಯೂರಿಯಲ್ ರಿಪಾಸಿಟರಿಗಳನ್ನೇ ಗುಡಿಸಿ ಹಾಕಿತು.

ನಗು ಇಲ್ಲಿಗೆ ಸಾಕು. 2018ರಲ್ಲಿ ಇವೆಂಟ್-ಸ್ಟ್ರೀಮ್ ಎಂಬ ಜಾವಾಸ್ಕ್ರಿಪ್ಟ್ ಪ್ಯಾಕೇಜನ್ನು ನೋಡಿಕೊಳ್ಳುತ್ತಿದ್ದವರು, ತಮಗೆ ಬೇಡವಾದ ಹೊಣೆಯನ್ನು ಕೇಳಿದ ಅಪರಿಚಿತನಿಗೆ ಒಪ್ಪಿಸಿದರು. ಅವನು ಬಿಟ್‌ಕಾಯಿನ್ ಕದಿಯುವ ಕೋಡ್ ತುರುಕಿದ. ಜನ ಬೈದದ್ದು ಬಿಟ್ಟಿ ದುಡಿದವರನ್ನು. ಕಡತ ಕುಗ್ಗಿಸುವ ಸಾಧನ ಎಕ್ಸ್‌ಝಡ್‌ನಲ್ಲೂ ಅದೇ ಕತೆ. ಅದನ್ನು ನೋಡಿಕೊಳ್ಳುತ್ತಿದ್ದ ದಣಿದ ಮನುಷ್ಯನ ಮೇಲೆ 'ಯಾಕಿಷ್ಟು ನಿಧಾನ' ಎಂದು ಮುಗಿಬಿದ್ದರು, ಸಹಾಯಕ್ಕೆ ಬಂದವನು 2024ರಲ್ಲಿ ಆವೃತ್ತಿ 5.6.0ಕ್ಕೆ ಹಿಂಬಾಗಿಲು ಕೊರೆದ. ಅದು ಸಿಕ್ಕಿಬಿದ್ದದ್ದು ದೂರದ ಕಂಪ್ಯೂಟರಿಗೆ ಹೋಗುವ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ತಡವಾಯಿತೆಂದು ಒಬ್ಬ ಎಂಜಿನಿಯರ್ ತಲೆಕೆಡಿಸಿಕೊಂಡದ್ದರಿಂದ.

ಇಷ್ಟಾದರೂ ದೂರು ಬರೆಯುವ ಇಶ್ಯೂ ಪುಟದಲ್ಲಿ 'ಎನಿ ಅಪ್‌ಡೇಟ್?' ಎಂದು ದಬಾಯಿಸುವವರ ಪ್ರೊಫೈಲ್ ತೆರೆದರೆ ದೊಡ್ಡ ಕಂಪನಿಯ ಹೆಸರಿರುತ್ತದೆ. ಒಂದು ಪ್ಯಾಚ್ (ಕೋಡಿನ ತಿದ್ದುಪಡಿ) ಕಳಿಸಿ ಸ್ವಾಮಿ ಅಂದರೆ, 'ನಮ್ಮ ಲೀಗಲ್‌ನವರು ಒಪ್ಪಲ್ಲ' ಅನ್ನುತ್ತಾರೆ.